ಅಲುಗದ ಗೆರೆ

ಆ ಕಾಗದದ ಕಾರ್ಖಾನೆಯಲ್ಲಿ ಬೇಯಿಸುವ ಕೊಪ್ಪರಿಗೆಗಳು ಎರಡು. ಹಳೆಯದನ್ನು ಕೆಲಸಗಾರರು ಅಜ್ಜಿ ಎನ್ನುತ್ತಿದ್ದರು, ಆಮೇಲೆ ಬಂದ ಚಿಕ್ಕದನ್ನು ಮೊಮ್ಮಗಳು. ಚಿಂದಿ, ಹುಲ್ಲು, ಮರದ ಚೂರು, ಏನು ತುರುಕಿದರೂ ನುಂಗಿ, ಬಾಯಿ ಮುಚ್ಚಿಕೊಂಡು, ಉಗಿಯ ಒತ್ತಡದಲ್ಲಿ ಬೇಯಿಸಿ ಗಂಜಿಯಂತೆ ಮಾಡಿ ಕೊಡುವುದು ಅಜ್ಜಿಯ ಕೆಲಸ. ಬೆಂದ ಮೇಲೆ ಉಗಿಯನ್ನು ಹೊರಗೆ ಬಿಟ್ಟು, ಒತ್ತಡ ಸೊನ್ನೆಗೆ ಇಳಿದ ಮೇಲೆಯೇ ಮುಚ್ಚಳ ತೆಗೆಯಬೇಕು. ಇಳಿಯುವ ಮೊದಲೇ ತೆಗೆದರೆ ಏನಾಗುತ್ತದೆ ಎಂಬುದನ್ನು ಅಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ತುಕ್ಕು ಹಿಡಿದ ತಗಡಿನ ಮಾಡಿನಲ್ಲಿ, ಅಜ್ಜಿಯ ನೆತ್ತಿಗೆ ಸರಿಯಾಗಿ, ಒಂದು ತಗಡು ಮಾತ್ರ ಹೊಸದಾಗಿ ಹೊಳೆಯುತ್ತಿತ್ತು. ಅದ್ಯಾಕೆ ಎಂದು ಹೊಸಬರು ಕೇಳಿದರೆ ಹಳಬರು ಕೆಮ್ಮಿ, ಬೇರೆ ಮಾತು ತೆಗೆಯುತ್ತಿದ್ದರು.

ಅಜ್ಜಿಯ ಮುಚ್ಚಳ ತೆಗೆಯುವವನು ತಂತಿಯಕ್ಕನ ಮೈದುನ.

ತಂತಿಯಕ್ಕ ಎಂಬುದು ಕಾರ್ಖಾನೆಯವರು ಇಟ್ಟ ಹೆಸರು. ಮಾಪಕಗಳು, ತಂತಿಗಳು, ಯಂತ್ರಗಳಿಗೆ ಅಪ್ಪಣೆ ಕೊಡುವ ಕಂಟ್ರೋಲರ್, ಇವೆಲ್ಲ ಅವಳ ಸುಪರ್ದಿನಲ್ಲಿದ್ದವು. ಗಂಡ ಲಾರಿ ಓಡಿಸುವವನಾದ್ದರಿಂದ ಮನೆಗಿಂತ ದಾರಿಯ ಮೇಲೆಯೇ ಹೆಚ್ಚು. ಮನೆಯಲ್ಲಿ ಇರುತ್ತಿದ್ದವರು ಅವಳು, ಅತ್ತೆ, ಮೈದುನ. ಮೈದುನನ ಬಾಯಿ ದೊಡ್ಡದು, ಕೆಲಸ ಎಲ್ಲೂ ನಿಲ್ಲದ್ದು. ಅವನನ್ನು ಇಲ್ಲಿಗೆ ಸೇರಿಸಿದ್ದು ಅವಳೇ. ಅಜ್ಜಿ ಮೊಮ್ಮಗಳ ವಿಷಯ ಯಾರ ಬಾಯಿಂದಲೋ ಕೇಳಿದ್ದ ಅತ್ತೆ ಮೊದಲು ಒಪ್ಪಿರಲಿಲ್ಲ. ಕೊನೆಗೆ ಒಂದು ದಿನ, ಸೊಪ್ಪು ಬಿಡಿಸುತ್ತ, ಮುಖ ಎತ್ತದೆ ಹೇಳಿದ್ದಳು: "ನಿನ್ನ ಕಣ್ಣಳತೆಯಲ್ಲಿ ಇರ್ತಾನೆ ಅಂದ್ರೆ ಕಳಿಸ್ತೀನಿ. ಇಲ್ಲ ಅಂದ್ರೆ ಸುಮ್ನೆ ಮನೇಲಿ ಬಿದ್ದಿರ್ಲಿ."

"ಇರ್ತಾನೆ ಅತ್ತೆ" ಎಂದಿದ್ದಳು ಅವಳು. ಅಷ್ಟೇ ಮಾತು. ಅತ್ತೆ ಅದನ್ನು ಮತ್ತೆ ಎತ್ತಿರಲಿಲ್ಲ, ಅವಳು ಅದನ್ನು ಎಂದೂ ಇಳಿಸಿರಲಿಲ್ಲ.

ಅತ್ತೆಯ ಕಣ್ಣು ಮಂಜಾಗಿ ವರ್ಷಗಳಾಗಿದ್ದವು. ಆದರೆ ಬಾಯಲ್ಲಿ ಪದ್ಯಗಳು ತುಂಬಿದ್ದವು. ಬೆಳಕು ಹರಿಯುವ ಮೊದಲು ಎದ್ದು, ಗೋಡೆಗೆ ಒರಗಿ, ದೇವರನ್ನು ಕುರಿತ ಉದ್ದುದ್ದ ಪದ್ಯಗಳನ್ನು ಹೇಳಿಕೊಳ್ಳುವಳು. ಒಂದು ಪದ್ಯ ಮುಗಿದು ಇನ್ನೊಂದು ನೆನಪಾಗುವ ನಡುವೆ ಮಾತು ಇರುತ್ತಿರಲಿಲ್ಲ, ಗುನುಗು ಇರುತ್ತಿತ್ತು, ದೂರದಲ್ಲಿ ಜೇನು ಹಾರಿದಂಥ ಸಣ್ಣ ಗುನುಗು. ಸೊಸೆ ಬಂದ ಹೊಸದರಲ್ಲಿ, ಪದ್ಯ ನಿಂತಿತೆಂದು ಗಾಬರಿಯಿಂದ ಅಡುಗೆಮನೆಯಿಂದ ಓಡಿಬಂದಾಗ ಅತ್ತೆ ನಕ್ಕಿದ್ದಳು. "ಗುನುಗ್ತಾ ಇದ್ರೆ ಬರಬೇಡ, ನಾನು ಇದ್ದೀನಿ, ಮುಂದಿನ ಸಾಲು ಹುಡುಕ್ತಾ ಇದ್ದೀನಿ ಅಂತ ಲೆಕ್ಕ. ಅದೂ ನಿಂತ್ರೆ ಬಂದು ನೋಡು." ಅಂದಿನಿಂದ ಸೊಸೆಯ ಒಂದು ಕಿವಿ ಒಲೆಯ ಕಡೆ, ಇನ್ನೊಂದು ಆ ಗುನುಗಿನ ಕಡೆ.

ಒಂದು ಬೆಳಿಗ್ಗೆ ತಂತಿಯಕ್ಕ ಕೆಲಸಕ್ಕೆ ಬಂದು ಚಪ್ಪಲಿ ಬದಲಿಸುವಷ್ಟರಲ್ಲಿ ಕಂಟ್ರೋಲ್ ರೂಮಿನಿಂದ ಕರೆ ಬಂತು. ಅಲ್ಲಿ ಪರದೆಯ ಮುಂದೆ ಕೂರುವ ಆಪರೇಟರನಿಗೆ ಕುರ್ಚಿರಾಯ ಎಂದು ಹೆಸರು. ಬೆಂಕಿ ಬಿದ್ದರೂ ಕುರ್ಚಿಯ ಸಮೇತ ಹೊರಗೆ ಬರುವವನು ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಒಳ್ಳೆಯವನು, ಮೈಭಾರದವನು.

"ಅಕ್ಕ, ನಿಮ್ಮ ಕಂಟ್ರೋಲರ್‌ಗೆ ಭ್ರಮೆ ಹಿಡಿದಿದೆ" ಎಂದ ಕುರ್ಚಿರಾಯ. "ಅಜ್ಜಿ ಖಾಲಿ ಹೊಟ್ಟೇಲಿ ಬಾಯಿ ತೆರೆದು ಕೂತಿದ್ದಾಳೆ. ಇಲ್ಲಿ ಪರದೇಲಿ ನೋಡಿದ್ರೆ ಕೊತಕೊತ ಕುದೀತಿದ್ದಾಳೆ. ಮೊಮ್ಮಗಳು ನೋಡಿದ್ರೆ ಸತ್ತೇ ಹೋಗಿದ್ದಾಳೆ. ಯಾರನ್ನ ನಂಬ್ಲಿ?"

"ನನ್ನ ನಂಬಿ, ಏನನ್ನೂ ಮುಟ್ಟಬೇಡಿ" ಎಂದು ಅವಳು ಪ್ಯಾನೆಲ್ ರೂಮಿಗೆ ಹೋದಳು.

ಪ್ಯಾನೆಲ್ ರೂಮು ಕಿಟಕಿಯಿಲ್ಲದ ಉದ್ದನೆಯ ಕೋಣೆ. ಕಬ್ಬಿಣದ ಬೀರುಗಳ ಸಾಲು, ಅವುಗಳ ಹೊಟ್ಟೆಯಲ್ಲಿ ತಂತಿಗಳ ಜಡೆ, ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಫೋನು, ಮೂಲೆಯಲ್ಲಿ ಒಂದು ಚಿಕ್ಕ ಪರದೆ. ಕಂಟ್ರೋಲರ್ ಕೂತಿರುವ ಬೀರುವನ್ನು ತೆರೆದು ಅವಳು ಒಂದೊಂದಾಗಿ ನೋಡುತ್ತ ಬಂದಳು. ಹೊರಗಿನ ಮಾಪಕಗಳು ಸರಿಯಿದ್ದವು, ಅವುಗಳಿಗೆ ಹೋಗುವ ಕರೆಂಟೂ ಸರಿಯಿತ್ತು. ಉಳಿದದ್ದು ಅನಲಾಗ್ ಇನ್‌ಪುಟ್ ಕಾರ್ಡು. ಕಂಟ್ರೋಲರಿಗೆ ಅಂಕಿ ಬಿಟ್ಟು ಬೇರೆ ಭಾಷೆ ಬಾರದು. ಮಾಪಕಗಳು ಕಳಿಸುವ ಸಣ್ಣ ಕರೆಂಟನ್ನು ಕೇಳಿಸಿಕೊಂಡು ಅಂಕಿಯಾಗಿ ಹೇಳುವ ಕಿವಿಯೇ ಈ ಕಾರ್ಡು. ಕಿವಿ ಕೆಟ್ಟಿದೆಯೋ ಎಂದು ನೋಡಲು ಅವಳ ಬಳಿ ಅಂಗೈಗಿಂತ ಸ್ವಲ್ಪ ದೊಡ್ಡದಾದ ಹಳದಿ ಪೆಟ್ಟಿಗೆಯೊಂದಿತ್ತು. ಎಷ್ಟು ಹೇಳಿದರೆ ಅಷ್ಟು ಕರೆಂಟು ಕೊಡುವ ಪೆಟ್ಟಿಗೆ. ಕೊಪ್ಪರಿಗೆ ತಣ್ಣಗಿದ್ದರೂ ಅದರ ಹೆಸರಿನಲ್ಲಿ ಕಾರ್ಡಿಗೆ 'ಒತ್ತಡ ಅರ್ಧಕ್ಕಿದೆ' ಎಂದು ಹೇಳಬಲ್ಲದು. ಅದಕ್ಕೇ ಮೈದುನ ಅದಕ್ಕೆ ಸುಳ್ಳುಪೆಟ್ಟಿಗೆ ಎಂದು ಹೆಸರಿಟ್ಟಿದ್ದ.

ಒಂದೊಂದು ಜೋಡಿ ತಂತಿಯನ್ನೂ ಬಿಚ್ಚಿ, ಆ ಜಾಗಕ್ಕೆ ಸುಳ್ಳುಪೆಟ್ಟಿಗೆಯ ಮೊನೆ ಹಿಡಿದು, ಕಡಿಮೆ, ನಡು, ಪೂರ್ತಿ ಎಂದು ಕೊಟ್ಟು ನೋಡಿದಳು. ಕಾರ್ಡು ಬಾಯಿಗೆ ಬಂದದ್ದು ಹೇಳಿತು. ಅದನ್ನು ಕಿತ್ತು ಹೊಸದನ್ನು ಕೂರಿಸಿ ಮತ್ತೆ ಎಲ್ಲವನ್ನೂ ಪರೀಕ್ಷಿಸಿದಳು. ಹೊಸದು ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟಿತು. ಆಮೇಲೆ ತಂತಿಗಳನ್ನು ಅವುಗಳ ಜಾಗಕ್ಕೆ ತೂರಿಸಿ, ತಿರುಪು ಬಿಗಿದು, ಒಂದೊಂದನ್ನೂ ಬೆರಳಲ್ಲಿ ಜಗ್ಗಿ ನೋಡಿದಳು. ಎಲ್ಲವೂ ಗಟ್ಟಿಯಾಗಿದ್ದವು.

ಅಷ್ಟರಲ್ಲಿ ಮೈದುನ ಬಾಗಿಲಲ್ಲಿ ತಲೆ ಹಾಕಿದ. ಕುತ್ತಿಗೆಗೆ ಸದ್ದು ತಡೆಯುವ ಕಿವಿಮುಚ್ಚುಗ ನೇತುಬಿದ್ದಿತ್ತು.

"ಅತ್ತಿಗೆ, ಮುಗೀತಾ? ಅಜ್ಜಿಗೆ ತಿನ್ನಿಸಿ ಬಾಯಿ ಮುಚ್ಚಿಸಿದ್ದೀನಿ. ನೀವು ಹೂಂ ಅಂದ್ರೆ ಒಳಗೆ ಉಗಿ ಬಿಡ್ತಾರಂತೆ."

"ಮುಗೀತು. ಕಿವೀಗೆ ಅದನ್ನ ಹಾಕ್ಕೋ, ಕುತ್ತಿಗೆಗೆ ಒಡವೆ ಮಾಡ್ಕೋಬೇಡ."

"ಹಾಕ್ಕೊಂಡ್ರೆ ನಿಮ್ಮ ಬೈಗಳ ಕೇಳ್ಸಲ್ಲ ಅಂತ ಬೇಜಾರು" ಎಂದು ಅವನು ಮಾಯವಾದ.

ಹೊರಡುವ ಹೊತ್ತಿಗೆ ಕುರ್ಚಿರಾಯ ಮತ್ತೆ ಫೋನು ಮಾಡಿದ. "ಅಕ್ಕ, ಎಲ್ಲ ಚೆನ್ನಾಗಿದೆ, ಆದ್ರೆ ಅಜ್ಜಿ ಒತ್ತಡ ಒಂದೊಂದು ಸಲ ಮೈನಸ್ ತೋರಿಸ್ತಿದೆ. ಹೊಟ್ಟೆ ಬೆನ್ನಿಗೆ ಹತ್ತಿಕೊಂಡಿದ್ಯಾ ಅವಳಿಗೆ? ಹೀಗೆ ಮೈನಸ್ ಪ್ಲಸ್ ಆಡ್ತಾ ಇದ್ರೆ ಮುಚ್ಚಳ ತೆಗೀಬಹುದು ಅನ್ನೋ ಹಸಿರು ದೀಪ ಹತ್ತೋದು ಆರೋದು ಮಾಡತ್ತೆ. ಒಂದು ಸೊನ್ನೆ ಕೊಡಿ ಸಾಕು, ಅಚ್ಚುಕಟ್ಟಾಗಿ."

ಹೊಸ ಕಾರ್ಡಿನ ಆ ಕೂದಲೆಳೆಯಷ್ಟು ತಪ್ಪನ್ನು ಸರಿಯಾಗಿ ತಿದ್ದುವುದಕ್ಕೆ ಸಮಯ ಬೇಕಿತ್ತು. ಸುಲಭದ ದಾರಿಯೂ ಒಂದಿತ್ತು. ಅವಳು ಕಂಟ್ರೋಲರಿನ ಪ್ರೋಗ್ರಾಮಿನಲ್ಲಿ ಒಂದು ಸಾಲು ಬರೆದಳು: ಅಂಕಿ ಸೊನ್ನೆಗಿಂತ ಕೆಳಗೆ ಹೋದರೆ ಸೊನ್ನೆ ಎಂದೇ ತಿಳಿ.

"ಈಗ ನೋಡಿ" ಎಂದಳು.

"ಆಹಾ" ಎಂದ ಕುರ್ಚಿರಾಯ. "ಹರಳಿನಂಥ ಸೊನ್ನೆ."

ಅಜ್ಜಿಯೊಳಕ್ಕೆ ಉಗಿ ಬಿಟ್ಟರು. ಒತ್ತಡ ಏರಿತು, ನಿಂತಿತು, ಬೇಯತೊಡಗಿತು. ಪರದೆಯ ಮೇಲಿನ ಗೆರೆ ಎಂದಿನಂತೆ ಬೆಟ್ಟ ಹತ್ತಿ ನೆತ್ತಿಯ ಮೇಲೆ ನಡೆಯತೊಡಗಿತು. ತಂತಿಯಕ್ಕ ಊಟ ಮುಗಿಸಿ, ಮಧ್ಯಾಹ್ನ ಬೇರೆ ಕಡೆಯ ಒಂದು ಮೋಟರಿನ ತಕರಾರು ನೋಡಿ, ಮರೆತು ಬಂದಿದ್ದ ಸುಳ್ಳುಪೆಟ್ಟಿಗೆಯನ್ನು ತೆಗೆದುಕೊಳ್ಳಲು ಪ್ಯಾನೆಲ್ ರೂಮಿಗೆ ಬಂದಳು. ಮೋಟರಿಗೆಂದು ಒಯ್ದಿದ್ದ ಅದರ ಕಚ್ಚುವ ಕ್ಲಿಪ್ಪುಗಳನ್ನು ಅಲ್ಲೇ ಬಿಟ್ಟು ಬಂದದ್ದು ಆಗ ನೆನಪಾಗಿ, ತನ್ನನ್ನೇ ಬೈದುಕೊಳ್ಳುತ್ತ, ಮೂಲೆಯ ಪರದೆಯ ಕಡೆ ಸುಮ್ಮನೆ ಕಣ್ಣು ಹಾಯಿಸಿದಳು.

ಅಜ್ಜಿಯ ಒತ್ತಡ ಸೊನ್ನೆ.

ಸರಿ, ಬೆಂದಾಗಿದೆ, ಉಗಿ ಹೊರಗೆ ಬಿಟ್ಟಾಗಿದೆ ಎಂದುಕೊಂಡಳು. ಪೆಟ್ಟಿಗೆಯನ್ನು ಬಗಲಿಗೆ ಹಾಕಿಕೊಂಡಳು. ಬಾಗಿಲವರೆಗೆ ಹೋದವಳಿಗೆ ಕಾಲು ಮುಂದಕ್ಕೆ ಬರಲಿಲ್ಲ. ಏನೋ ಒಂದು ಸರಿಯಿಲ್ಲ. ಏನೆಂದು ತಿಳಿಯಲಿಲ್ಲ. ಮನೆಯಲ್ಲಿ ಬೆಳಗಿನ ಹೊತ್ತು ಇದ್ದಕ್ಕಿದ್ದಂತೆ ಒಲೆಯ ಸದ್ದು ಜೋರಾಗಿ ಕೇಳಿಸಿದರೆ ಹೇಗೋ ಹಾಗೆ. ಒಲೆ ಜೋರಾಗಿರುವುದಿಲ್ಲ, ಬೇರೆ ಏನೋ ನಿಂತಿರುತ್ತದೆ.

ತಿರುಗಿ ಬಂದು ಪರದೆಯ ಮುಂದೆ ನಿಂತಳು.

ಗೆರೆ ನೆತ್ತಿಯಿಂದ ಇಳಿಜಾರಿನಲ್ಲಿ ಇಳಿದಿತ್ತು, ಉಗಿ ಹೊರಗೆ ಹೋಗುವಾಗ ಇಳಿಯುವಂತೆಯೇ. ಆದರೆ ಅರ್ಧ ಇಳಿಜಾರಿನಲ್ಲಿ, ಬಂಡೆಯ ಅಂಚಿನಿಂದ ಕಾಲು ಜಾರಿದವರಂತೆ, ನೇರ ಕೆಳಕ್ಕೆ ಬಿದ್ದಿತ್ತು. ಬಿದ್ದಲ್ಲಿಂದ ಮುಂದೆ ಅಡಿಕೋಲು ಇಟ್ಟು ಎಳೆದಂತೆ ಮಟ್ಟಸ. ಒಂದು ಅಲುಗಾಟವಿಲ್ಲ.

ಬದುಕಿರುವ ಸೊನ್ನೆ ಹಾಗೆ ಮಲಗುವುದಿಲ್ಲ. ಕೊಪ್ಪರಿಗೆಯಲ್ಲಿ ಏನೂ ಇಲ್ಲದಿದ್ದರೂ ಅದರ ಮಾಪಕ ಒಂದಿಷ್ಟು ಕರೆಂಟು ಕಳಿಸುತ್ತಲೇ ಇರುತ್ತದೆ, 'ಇಲ್ಲಿ ಏನೂ ಇಲ್ಲ, ನಾನು ಮಾತ್ರ ಇದ್ದೇನೆ' ಎಂದು. ಆ ಕರೆಂಟು ನಿದ್ದೆ ಹೋದವರ ಹೊಟ್ಟೆಯಂತೆ ಸಣ್ಣಗೆ ಏರಿಳಿಯುತ್ತದೆ. ಕಾರ್ಡು ಏನನ್ನೂ ಕೇಳದಿದ್ದರೆ, ತಂತಿಯೇ ಕಡಿದುಹೋಗಿದ್ದರೆ, ಅಂಕಿ ಸೊನ್ನೆಗಿಂತ ಎಷ್ಟೋ ಕೆಳಕ್ಕೆ ಬೀಳಬೇಕು. ಬಿದ್ದೊಡನೆ ಪ್ರೋಗ್ರಾಮಿನ ಹಳೆಯ ಸಾಲೊಂದು ಅದನ್ನು ಹಿಡಿದು, ತಂತಿ ಕಡಿದಿದೆ ಎಂದು ಕೂಗಿ, ಮುಚ್ಚಳಕ್ಕೆ ಬೀಗ ಹಾಕಬೇಕು.

ಆದರೆ ಆ ಸಾಲಿಗಿಂತ ಮೇಲೆ ಅವಳು ಬೆಳಿಗ್ಗೆ ಇನ್ನೊಂದು ಸಾಲು ಬರೆದಿದ್ದಳು. ಸೊನ್ನೆಗಿಂತ ಕೆಳಗಿನದನ್ನೆಲ್ಲ ಸೊನ್ನೆ ಮಾಡುವ ಸಾಲು. ಕೂಗುವವನ ಬಾಯಿಗೆ ಅವಳೇ ಬಟ್ಟೆ ತುರುಕಿದ್ದಳು.

ಫೋನು ಎತ್ತಿದಳು.

"ಅಜ್ಜಿ ಏನಾದ್ಲು?"

"ಆರಾಮಾಗಿದ್ದಾಳೆ ಅಕ್ಕ" ಎಂದ ಕುರ್ಚಿರಾಯ. ಬಾಯಲ್ಲಿ ಏನೋ ಅಗಿಯುತ್ತಿದ್ದ. "ಇವತ್ತು ಬೇಗ ಇಳಿದ್ಲು. ಸೊನ್ನೆ ಬಂತು, ಉಗಿ ಹೋಗೋ ವಾಲ್ವ್ ಮುಚ್ಚಿದೆ, ಹಸಿರು ದೀಪ ಬಂತು, ನಿಮ್ಮ ಮೈದುನನಿಗೆ ಮುಚ್ಚಳ ಕೊಟ್ಟೆ. ತಿರುಗಿಸ್ತಾ ಇರ್ಬೇಕು ಈಗ."

"ಅದು ಸೊನ್ನೆ ಅಲ್ಲ. ಒಳಗೆ ಅರ್ಧ ಒತ್ತಡ ಇದೆ. ತಂತಿ ಬಿಟ್ಟಿದೆ. ಅವನನ್ನ ನಿಲ್ಲಿಸಿ."

ಆ ಕಡೆ ಅಗಿಯುವುದು ನಿಂತಿತು. "ಅವನು ಕಿವಿ ಮುಚ್ಕೊಂಡಿದ್ದಾನೆ. ಅಲ್ಲಿ ಫೋನು ಯಾರೂ ಎತ್ತಲ್ಲ."

"ಉಗಿ ಹೋಗೋ ವಾಲ್ವ್ ತೆಗೆದು, ಅವನ ಹತ್ರ ಓಡಿ."

ಕುರ್ಚಿ ಉರುಳಿದ ಸದ್ದು ಕೇಳಿಸಿತು. ಆಮೇಲೆ ಬರೀ ಖಾಲಿ ಕೋಣೆಯ ಸದ್ದು.

ಅವಳೂ ಓಡಬಹುದಿತ್ತು. ಆದರೆ ಅಜ್ಜಿಯ ಮಹಡಿ ಅಂಗಳದಾಚೆ, ಕಬ್ಬಿಣದ ಮೆಟ್ಟಿಲ ಮೇಲೆ. ಒಮ್ಮೆ ತಿರುಗಿಸಲು ಹಿಡಿದರೆ ಮೈದುನ ನಡುವೆ ನಿಲ್ಲಿಸುವವನಲ್ಲ. ಪ್ಯಾನೆಲನ್ನೇ ಪೂರ್ತಿ ಆರಿಸಿಬಿಡಲೇ ಎಂದು ಕೈ ಮುಂದಾಯಿತು, ಹಿಂದೆ ಬಂತು. ಮುಚ್ಚಳದ ಸುತ್ತ, ಕೈಚಕ್ರದಿಂದ ತಿರುಗಿಸುವ, ಹಲ್ಲುಗಳಿರುವ ದೊಡ್ಡ ಉಂಗುರವಿದೆ. ಅದರ ಹಲ್ಲುಗಳ ನಡುವೆ ಒಂದು ಉಕ್ಕಿನ ಗೂಟ ಬಂದು ಕೂತರೆ ಮಾತ್ರ ಚಕ್ರ ತಿರುಗದು. ಆರಿಸಿದರೆ ಗೂಟ ಇದ್ದಲ್ಲೇ ಇರುತ್ತದೆ, ಈಗ ಹೊರಗಿದೆ, ಹೊರಗೇ ಇರುತ್ತದೆ. ಅದನ್ನು ಒಳಗೆ ತಳ್ಳುವವನು ಕಂಟ್ರೋಲರ್ ಒಬ್ಬನೇ. ಒಳಗೆ ಒತ್ತಡವಿದೆ ಎಂದು ನಂಬಿದರೆ ತಳ್ಳುತ್ತಾನೆ. ಅವನಿಗೆ ಯಾರಾದರೂ ಹೇಳಬೇಕು. ನಿಜ ಹೇಳುವ ತಂತಿ ಸತ್ತಿದೆ.

ಬೀರು ತೆರೆದಳು. ಸುಳ್ಳುಪೆಟ್ಟಿಗೆಯನ್ನು ಹೊತ್ತಿಸಿದಳು. ಕ್ಲಿಪ್ಪುಗಳಿಲ್ಲ, ಬರೀ ಚೂಪು ಮೊನೆಗಳು. ಎರಡನ್ನೂ ಎಡಗೈಯ ಬೆರಳುಗಳ ನಡುವೆ ಇಕ್ಕಳದಂತೆ ಹಿಡಿದು ಅಜ್ಜಿಯ ಜೋಡಿ ತಿರುಪುಗಳ ಮೇಲೆ ಒತ್ತಿದಳು. ಒಂದು ಮೊನೆ ಜಾರಿತು. ಮತ್ತೆ ಒತ್ತಿದಳು. ಬಲಗೈಯಿಂದ ಗುಂಡಿ ಒತ್ತುತ್ತ ಕರೆಂಟು ಏರಿಸಿದಳು.

ಮೂಲೆಯ ಪರದೆಯಲ್ಲಿ ಸತ್ತ ಗೆರೆ ಎದ್ದು ನಿಂತಿತು. ಒಂದು, ಎರಡು, ಮೂರು, ಮೇಲಕ್ಕೆ, ಮೇಲಕ್ಕೆ. ಮುಚ್ಚಳದ ಹಸಿರು ಚುಕ್ಕೆ ಕೆಂಪಾಯಿತು. ಬೀರುವಿನ ಒಳಗೆ ಎಲ್ಲೋ ಒಂದು ರಿಲೇ ಸ್ವಿಚ್ಚು ಟಕ್ಕೆಂದಿತು. ಗೂಟಕ್ಕೆ ಅಪ್ಪಣೆ ಹೋಯಿತು.

ಹೋಗಿ ಮುಟ್ಟಿತೇ? ಹಲ್ಲುಗಳ ನಡುವೆ ಬಿತ್ತೇ? ಅಷ್ಟರಲ್ಲಿ ಉಂಗುರ ಕೊನೆಯ ಹಲ್ಲು ದಾಟಿತ್ತೇ? ಪರದೆಗೆ ಅದು ಗೊತ್ತಿರಲಿಲ್ಲ. ಗೂಟದ ಜಾಗದಲ್ಲಿ ಒಂದು ಹಳದಿ ಗುರುತು ಮಿನುಗುತ್ತಿತ್ತು, ಅಂದರೆ ಇನ್ನೂ ದಾರಿಯಲ್ಲಿದೆ, ಇಲ್ಲವೇ ಹಲ್ಲಿನ ಮೇಲೆಯೇ ಸಿಕ್ಕಿಕೊಂಡಿದೆ.

ಆಗ ಹೊರಗಿನಿಂದ ಒಂದು ಸದ್ದು ಬಂತು. ಉದ್ದನೆಯ, ಬಟ್ಟೆ ಹರಿದಂಥ ಸದ್ದು. ಗೋಡೆಯೊಳಗಿಂದ ಹಾದು ಅವಳ ಪಾದದ ಅಡಿಗೆ ಬಂದು ನಡುಗಿತು. ಉಗಿ. ಕುರ್ಚಿರಾಯ ತೆರೆದ ವಾಲ್ವಿನ ಉಗಿಯೋ, ಮುಚ್ಚಳದ ಅಂಚಿನಿಂದ ನುಗ್ಗಿದ ಉಗಿಯೋ? ಎರಡೂ ಹೀಗೆಯೇ ಕೂಗುತ್ತವೆ. ಅವಳಿಗೆ ಮಾಡಿನ ಆ ಹೊಸ ತಗಡು ಕಣ್ಣ ಮುಂದೆ ಬಂತು. ಕಣ್ಣು ಮುಚ್ಚಿದರೂ ಹೋಗಲಿಲ್ಲ. ಕಣ್ಣು ತೆರೆದು ಬರೀ ತಿರುಪುಗಳನ್ನು ನೋಡಿದಳು.

ಓಡಿಹೋಗಿ ನೋಡಬೇಕೆಂದು ಮೈಯೆಲ್ಲ ಎಳೆಯಿತು. ಕೈ ತೆಗೆದರೆ ಗೆರೆ ಮತ್ತೆ ಸೊನ್ನೆಗೆ ಬೀಳುತ್ತದೆ, ಕಂಟ್ರೋಲರ್ ಮತ್ತೆ ಹಸಿರು ಹತ್ತಿಸಿ ಗೂಟವನ್ನು ಎಳೆದುಕೊಳ್ಳುತ್ತಾನೆ. ಮೈದುನ ಬದುಕಿದ್ದಾನೋ ಇಲ್ಲವೋ ನೋಡಲು ಹೋಗುವುದೇ ಅವನನ್ನು ಕೊಲ್ಲಬಹುದು. ಅವಳು ನಿಂತಳು. ಕಣ್ಣಳತೆಯಲ್ಲಿ ಇರ್ತಾನೆ ಅತ್ತೆ ಎಂದಿದ್ದಳು. ಕಣ್ಣಳತೆಯಲ್ಲಿ ಈಗ ಇದ್ದದ್ದು ಎರಡು ತಿರುಪುಗಳು, ಒಂದು ಕೆಂಪು ಚುಕ್ಕೆ.

ಪೆಟ್ಟಿಗೆಯ ಮುಖದಲ್ಲಿ ಬ್ಯಾಟರಿಯ ಗುರುತು ಮಿಟುಕಿತು.

ಬೆಳಿಗ್ಗೆಯಿಂದ ದುಡಿದಿತ್ತು ಅದು. ಮೇಲಾಗಿ ಅದಕ್ಕೊಂದು ಹಾಳು ಅಭ್ಯಾಸ, ಸ್ವಲ್ಪ ಹೊತ್ತು ಯಾರೂ ಗುಂಡಿ ಒತ್ತದಿದ್ದರೆ ತಾನೇ ಆರಿ ಮಲಗುವುದು. ಅವಳು ಬಲಗೈ ಹೆಬ್ಬೆರಳಿನಿಂದ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತ ಅದನ್ನು ಎಚ್ಚರವಾಗಿಟ್ಟಳು. ಅತ್ತೆಯ ಪದ್ಯವೊಂದನ್ನು ಹೇಳಿಕೊಳ್ಳಲು ನೋಡಿದಳು, ಇಷ್ಟು ವರ್ಷ ಕೇಳಿ ಕೇಳಿ ಬಾಯಿಗೆ ಬಂದಿದ್ದ ಪದ್ಯ. ಮೊದಲ ಸಾಲು ಸಿಕ್ಕಿತು. ಎರಡನೆಯದು ಸಿಗಲಿಲ್ಲ. ಸಿಗದಾಗ, ಬಾಯಿ ತಾನಾಗಿ ಗುನುಗಿತು. ಆ ಗುನುಗಿನ ತಾಳಕ್ಕೆ ಹೆಬ್ಬೆರಳು ಬೀಳುತ್ತಿತ್ತು. ದೇವರೇ, ಈ ಡಬ್ಬಿ ಆರದಿರಲಿ. ಸುಳ್ಳೇ ಆಗಲಿ, ನಿಲ್ಲದಿರಲಿ.

ಫೋನು ಹೊಡೆದುಕೊಂಡಿತು.

ಬಾಗಿಲ ಪಕ್ಕದ ಗೋಡೆಯಲ್ಲಿ, ಅವಳ ಬೆನ್ನ ಹಿಂದೆ. ಕಾಲು ಚಾಚಿದರೂ ಎಟುಕದು. ಹೊಡೆದುಕೊಂಡಿತು, ನಿಂತಿತು. ಮತ್ತೆ ಹೊಡೆದುಕೊಂಡಿತು. ಕೈ ಬಿಡು ಎನ್ನಲಿಕ್ಕೋ, ಬಿಡಬೇಡ ಎನ್ನಲಿಕ್ಕೋ, ಬಾ, ಬಂದು ನೋಡು ಎನ್ನಲಿಕ್ಕೋ. ಒಳ್ಳೆಯ ಸುದ್ದಿಗೆ ಯಾರೂ ಅಷ್ಟು ಹೊತ್ತು ಫೋನು ಮಾಡುವುದಿಲ್ಲ ಎಂದು ಒಂದು ಮನಸ್ಸು ಹೇಳಿತು. ಕೆಟ್ಟ ಸುದ್ದಿ ಹೇಳಲು ಯಾರಿಗೆ ಅಷ್ಟು ಅವಸರ ಎಂದು ಇನ್ನೊಂದು. ಬೆವರು ಹುಬ್ಬಿನಿಂದ ಕಣ್ಣಿಗೆ ಇಳಿದು ಉರಿಯಿತು. ಒರೆಸಿಕೊಳ್ಳಲು ಕೈಯಿಲ್ಲ. ಎಡಗೈಯ ಬೆರಳುಗಳು ಮರಗಟ್ಟಿ, ಯಾರದೋ ಬೆರಳುಗಳಂತೆ ಕಾಣುತ್ತಿದ್ದವು. ಫೋನು ನಿಂತಿತು. ಉಗಿಯ ಸದ್ದು ಮಾತ್ರ ಉಳಿಯಿತು, ಅದೂ ಇಳಿಯುತ್ತ, ಇಳಿಯುತ್ತ, ಯಾರೋ ಬಹಳ ಹೊತ್ತು ಹಿಡಿದಿದ್ದ ಉಸಿರನ್ನು ಬಿಟ್ಟಂತೆ ತೆಳ್ಳಗಾಯಿತು.

ಬಾಗಿಲು ದಢಾರನೆ ತೆರೆಯಿತು.

ಅವಳು ತಿರುಗಲಿಲ್ಲ. ತಿರುಗಿದರೆ ಮೊನೆ ಜಾರುತ್ತದೆ ಎಂಬುದೊಂದು ಕಾರಣ. ಬಂದವನ ಮುಖ ನೋಡುವ ಧೈರ್ಯವಿರಲಿಲ್ಲ ಎಂಬುದು ಇನ್ನೊಂದು. ಭಾರವಾದ ಉಸಿರು ಮಾತ್ರ ಕೇಳಿಸುತ್ತಿತ್ತು, ಕಮ್ಮಾರನ ತಿದಿಯಂತೆ. ಕುರ್ಚಿರಾಯ.

"ಹೇಳಿ" ಎಂದಳು ತಿರುಪುಗಳಿಗೆ.

"ಅಕ್ಕ..." ಉಸಿರು. "ಗೂಟ..." ಉಸಿರು.

"ಅವನು ಇದ್ದಾನಾ?"

"ಇದ್ದಾನೆ. ಇದ್ದಾನೆ ಅಕ್ಕ. ಗೂಟ ಬಿತ್ತು. ಕೊನೇ ಹಲ್ಲಿಗೆ ಬಿತ್ತು."

ಅವಳ ಎಡಗೈ ಬೀರುವಿನ ಒಳಗೆ ಒತ್ತಿಕೊಂಡೇ ಇತ್ತು, ಹೆಬ್ಬೆರಳು ಗುಂಡಿಯ ಮೇಲೆ ಬೀಳುತ್ತಲೇ ಇತ್ತು. ಕುರ್ಚಿರಾಯ ಕೈ ತೆಗೀರಿ ಎಂದ, ಅವಳು ಕೇಳಲಿಲ್ಲ. ಅದನ್ನೇ ಹೇಳಲು ಅಲ್ಲಿಂದ ಫೋನು ಮಾಡಿದೆ, ಉಗಿ ಪೂರ್ತಿ ಹೋಗಿದೆ ಎಂದ, ಕೇಳಲಿಲ್ಲ. ಕೊನೆಗೆ ಇನ್ನೊಂದು ಹೆಜ್ಜೆಸದ್ದು ಬಂತು. ಬೆವರು, ಒದ್ದೆ ಬಟ್ಟೆ, ಬೆಂದ ಹುಲ್ಲು ಕೂಡಿದ ವಾಸನೆ ಬಂತು. ಬಟ್ಟೆ ಸುತ್ತಿದ ಒಂದು ಕೈ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿತು.

"ಅತ್ತಿಗೆ, ಬಿಡಿ. ಅಜ್ಜಿ ಖಾಲಿ ಆದ್ಲು. ಸಣ್ಣ ನಲ್ಲಿಗೆ ತಂತಿ ಹಾಕಿ ಚುಚ್ಚಿ ನೋಡಿದ್ದೀನಿ. ಬಿಡಿ."

ಮೈದುನನ ಮುಖ ಸುಣ್ಣ ಬಳಿದಂತಿತ್ತು. ಹುಬ್ಬಿನ ಮೇಲೆ ಒಂದು ಕಡೆ ಬೆಂದು ಬೊಬ್ಬೆ ಎದ್ದಿತ್ತು. ನೆಲದ ಮೇಲೆ ಕೂತು, ನಡೆದದ್ದನ್ನು ತುಂಡು ತುಂಡಾಗಿ ಹೇಳಿದ. ಮುಚ್ಚಳಕ್ಕೆ ಮೊದಲು ಸಣ್ಣ ನಲ್ಲಿ ತಿರುಗಿಸಿ, ಒಳಗೆ ಉಗಿ ಉಳಿದಿದೆಯೋ ಎಂದು ನೋಡಬೇಕು, ನೋಡಿದ್ದ. ಏನೂ ಬರಲಿಲ್ಲ. ನಾರು ಕಟ್ಟಿಕೊಂಡಿತ್ತೆಂದು ಈಗ ತಿಳಿಯಿತು. ಚಕ್ರ ತಿರುಗಿಸುತ್ತ ಬಂದ. ಇವತ್ತು ಯಾಕೋ ಬಿಗಿ ಎಂದು ಜೋರು ಹಾಕಿದ. ಅಂಚಿನಲ್ಲಿ ಒಂದು ಕಡೆಯಿಂದ ಉಗಿ ಚಾಕುವಿನಂತೆ ಬಂದು ಕೈಗವಸನ್ನು ಸೀಳಿತು. ಇನ್ನೊಂದು ಸುತ್ತು ಸಾಕಿತ್ತು. ಆಗ ಗೂಟ ಬಂದು ಬಿತ್ತು, ಚಕ್ರ ಕಲ್ಲಾಯಿತು.

"ನಾನು ಅದಕ್ಕೆ ಬೈದೆ ಅತ್ತಿಗೆ" ಎಂದ. "ಗೂಟಕ್ಕೆ. ದರಿದ್ರದ್ದು ಈಗಲೇ ಸಿಕ್ಕಿಕೊಳ್ಬೇಕಾ ಅಂತ. ಕಾಲಲ್ಲಿ ಒದ್ದೆ ಕೂಡ."

ಯಾರೂ ನಗಲಿಲ್ಲ. ಅವನೂ.

ಆಮೇಲೆ ಅವಳು ಅಜ್ಜಿಯ ಜೋಡಿ ತಂತಿಯ ತಿರುಪು ಬಿಚ್ಚಿದಳು. ಒಂದು ತಂತಿಯ ತಾಮ್ರ ಪೂರ್ತಿ ಒಳಗೆ ಹೋಗಿರಲಿಲ್ಲ. ತಿರುಪು ಕಚ್ಚಿ ಹಿಡಿದಿದ್ದದ್ದು ತಂತಿಯ ರಬ್ಬರಿನ ತೊಗಲನ್ನು. ತಾಮ್ರದ ಒಂದೆರಡು ಎಳೆ ಮಾತ್ರ ಹೊರಗಿನಿಂದ ತಗುಲಿಕೊಂಡಿದ್ದು, ಬೀರುವಿನ ಬಿಸಿಗೆ, ಯಂತ್ರಗಳ ನಡುಕಕ್ಕೆ, ಉಗಿ ಅರ್ಧ ಇಳಿದ ಹೊತ್ತಿಗೆ ಸರಿಯಾಗಿ ಬಿಟ್ಟುಕೊಟ್ಟಿತ್ತು. ಜಗ್ಗಿದರೆ ಗಟ್ಟಿ. ತೊಗಲು ಗಟ್ಟಿಯಾಗಿಯೇ ಇರುತ್ತದೆ.

"ಆ ಸೊನ್ನೆ ಕೇಳಿದ್ದು ನಾನು" ಎಂದ ಕುರ್ಚಿರಾಯ ಮೆಲ್ಲಗೆ.

"ಬರೆದದ್ದು ನಾನು" ಎಂದಳು. ಅಲ್ಲೇ ಕೂತು ಆ ಸಾಲನ್ನು ಅಳಿಸಿದಳು. ಎಂಜಿನಿಯರ್ ಬಂದಾಗ ತಂತಿಯನ್ನೂ ಸಾಲನ್ನೂ ತೋರಿಸಿ, ಯಾವುದನ್ನೂ ಮುಚ್ಚಿಡದೆ ಹೇಳಿದಳು. ಆತ ತಂತಿಯ ತುದಿಯನ್ನು ಬಹಳ ಹೊತ್ತು ಹಿಡಿದು ನೋಡಿ, ಎಲ್ಲ ಸರಿಯಾಗುವವರೆಗೆ ಅಜ್ಜಿಯನ್ನು ಮುಟ್ಟುವುದು ಬೇಡ ಎಂದಷ್ಟೇ ಹೇಳಿ, ಅಜ್ಜಿಯ ಮಹಡಿಗೆ ಹತ್ತಿ, ಮಾಡಿನ ಆ ಹೊಸ ತಗಡಿನ ಕಡೆ ಒಮ್ಮೆ ನೋಡಿ ಹೋದ.

ಮನೆಗೆ ಹೋಗುವ ದಾರಿಯಲ್ಲಿ ಮೈದುನ ಹೇಳಿದ: "ಅಮ್ಮನಿಗೆ ಬಿಸಿನೀರು ಚೆಲ್ಲಿಕೊಂಡೆ ಅಂತ ಹೇಳೋಣ."

"ಹೂಂ" ಎಂದಳು.

ಆದರೆ ಅತ್ತೆ ಕಣ್ಣಿನಿಂದ ನೋಡುವವಳಲ್ಲ. ಮಗ ಒಳಗೆ ಕಾಲಿಟ್ಟೊಡನೆ ಅವನ ಕೈ ತಡವಿದಳು, ಕಟ್ಟು ತಡವಿದಳು, ಮುಖಕ್ಕೆ ಬೆರಳು ತಂದು ಸುಟ್ಟ ಹುಬ್ಬು ತಡವಿದಳು. "ಕೈ ಮೇಲೆ ಚೆಲ್ಲಿದ ನೀರು ಹುಬ್ಬನ್ನ ಸುಡಲ್ಲ" ಎಂದಳು. ಆಮೇಲೆ ಸೊಸೆ ನಿಂತಿದ್ದ ಕಡೆಗೆ ಮುಖ ತಿರುಗಿಸಿ ಕಾದಳು.

ಸೊಸೆ ಎಲ್ಲವನ್ನೂ ಹೇಳಿದಳು. ತಂತಿ, ಸೊನ್ನೆ, ಕೊನೆಯ ಹಲ್ಲು. ನಡುನಡುವೆ ಮೈದುನ "ಅತ್ತಿಗೆ ಇಲ್ದಿದ್ರೆ" ಎಂದು ಬಾಯಿ ಹಾಕಿದ. "ನಾನೇ ಕಾರಣ" ಎಂದು ಅವಳು ಅವನ ಮಾತು ಮುರಿದಳು. ಅತ್ತೆ ಬೈಯಲಿಲ್ಲ, ಅಳಲಿಲ್ಲ. ಊಟಕ್ಕೆ ಬಡಿಸಿದ್ದನ್ನು ತಿಂದು, ಕೈ ತೊಳೆದು, ಮಲಗಿದಳು.

ಬೆಳಗಿನ ಜಾವ ಸೊಸೆಗೆ ಎಚ್ಚರವಾಯಿತು. ಪದ್ಯದ ಹೊತ್ತು. ಕಿವಿಗೊಟ್ಟಳು. ಪದ್ಯವಿಲ್ಲ. ಮುಂದಿನ ಸಾಲು ಹುಡುಕುತ್ತಿರಬೇಕು ಎಂದುಕೊಂಡು ಗುನುಗಿಗೆ ಕಾದಳು. ಗುನುಗೂ ಇಲ್ಲ. ಮನೆ ಮಟ್ಟಸವಾಗಿ, ಒಂದು ಅಲುಗಾಟವಿಲ್ಲದೆ ಮಲಗಿತ್ತು.

ಹೊದಿಕೆ ಎಸೆದು ಎದ್ದಳು. ಅತ್ತೆಯ ಹಾಸಿಗೆ ಖಾಲಿ. ಗೋಡೆಯ ಪಕ್ಕದ ಜಾಗ ಖಾಲಿ. ಬರಿಗಾಲಲ್ಲಿ ನಡುಮನೆ ದಾಟಿ, ಮೈದುನ ಮಲಗುವ ಕೋಣೆಯ ಬಾಗಿಲಲ್ಲಿ ನಿಂತಳು.

ಅತ್ತೆ ಮಗನ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತಿದ್ದಳು. ಅವನ ಎದೆಯ ಮೇಲೆ ಅಂಗೈ ಇಟ್ಟಿದ್ದಳು, ಒತ್ತದೆ, ಬಿಸಿ ಪಾತ್ರೆಯೇ ಎಂದು ನೋಡುವವರಂತೆ ಹಗುರವಾಗಿ. ಅವನ ಎದೆಯೊಡನೆ ಆ ಕೈ ಸಣ್ಣಗೆ ಏರುತ್ತಿತ್ತು, ಇಳಿಯುತ್ತಿತ್ತು. ಅವಳ ತುಟಿ ಬಿಗಿದಿತ್ತು.

"ಅತ್ತೆ?" ಎಂದಳು ಸೊಸೆ.

"ಶ್" ಎಂದಳು ಅತ್ತೆ. "ನಾನು ಹೇಳೋಕೆ ಶುರು ಮಾಡಿದ್ರೆ ಇವನದ್ದು ಕೇಳ್ಸಲ್ಲ."

ಸೊಸೆ ಹೊಸಿಲ ಮೇಲೆಯೇ ನಿಂತಳು. ಹೋಗು ಎನ್ನುತ್ತಾಳೋ ಎಂದು ಕಾದಳು. ಅತ್ತೆ ತಲೆ ಎತ್ತಲಿಲ್ಲ. ಬಲಗೈ ಮಗನ ಎದೆಯ ಮೇಲಿತ್ತು, ಎಡಗೈ ಕತ್ತಲಲ್ಲಿ ನೆಲವನ್ನು ಎರಡು ಸಲ ತಟ್ಟಿತು, ಹಾಸಿಗೆಯ ಆಚೆ ಬದಿಯನ್ನು ತೋರಿಸಿ.

ಅವಳು ಹೋಗಿ ಅಲ್ಲಿ ಕೂತಳು. ಮೈದುನ ಬಾಯಿ ತೆರೆದು ಮಲಗಿದ್ದ, ಬಟ್ಟೆ ಕಟ್ಟಿದ ಕೈ ಹೊದಿಕೆಯ ಹೊರಗಿತ್ತು. ಒಂದು ಉಸಿರು ಹೋಯಿತು. ಇನ್ನೊಂದು ಬರುವವರೆಗೆ ಇಬ್ಬರೂ ಉಸಿರು ಹಿಡಿದರು. ಬಂತು. ಅದೂ ಹೋಯಿತು.